ಹಳೆ ಔಟ್‌ಬೋರ್ಡ್ ಇಂಜಿನ್ ಸ್ಟಾರ್ಟ್ ಆಗ್ತಿಲ್ವಾ? ಗಂಗೊಳ್ಳಿಯ ಈ ರಿಪೇರಿ ಅಂಗಡಿಗೆ ಹೋಗಿ

ಕುಂದಾಪುರ ಪಕ್ಕದ ಗಂಗೊಳ್ಳಿ ಬಂದರಿನ ಹತ್ತಿರ ಒಂದು ಸಣ್ಣ ಔಟ್‌ಬೋರ್ಡ್ ರಿಪೇರಿ ಅಂಗಡಿ ಇದೆ. ಔಟ್‌ಬೋರ್ಡ್ ಅಂದರೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಇಂಜಿನ್. ಅಂಗಡಿಗೆ ಬೋರ್ಡ್ ಇಲ್ಲ. ಶೀಟಿನ ಮಾಡು, ಎದುರಿಗೆ ಬಾಯಿ ಕತ್ತರಿಸಿದ ನೀಲಿ ಡ್ರಮ್ಮು, ಮರದ ಅಡ್ಡಪಟ್ಟಿಗೆ ಸಿಕ್ಕಿಸಿಟ್ಟ ಏಳೆಂಟು ಇಂಜಿನ್‌ಗಳು, ಅಷ್ಟೇ. ನಮ್ಮ ಮನೆಯ ಹಳೆ 8 ಎಚ್‌ಪಿ ಇಂಜಿನ್ ಮೂರು ವಾರ ಸ್ಟಾರ್ಟ್ ಆಗದೆ ಸತಾಯಿಸಿತು. ಪಟ್ಟಣದ ಒಂದು ವರ್ಕ್‌ಶಾಪ್‌ಗೆ ಕೊಟ್ಟು 6,400 ರೂಪಾಯಿ ಹೋಯಿತು, ಇಂಜಿನ್ ಹಾಗೇ ವಾಪಸ್ ಬಂತು. ಕೊನೆಗೆ ಇಲ್ಲಿಗೆ ಒಯ್ದೆವು, 1,850 ರೂಪಾಯಿಯಲ್ಲಿ ಸರಿಯಾಯಿತು. ಎರಡು ತಿಂಗಳಾಯಿತು, ಈಗಲೂ ಎರಡನೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. ಈ ಕಡೆ ಹಳೆ ಇಂಜಿನ್ ಇಟ್ಟುಕೊಂಡವರು ತುಂಬ ಜನ ಇದ್ದಾರೆ, ಅವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ದೋಣಿ ನಮ್ಮ ಭಾವನದ್ದು. ಹೆಮ್ಮಾಡಿ ಆಚೆ ಹೊಳೆ ಬದಿಯಲ್ಲಿ ಅಕ್ಕನ ಮನೆ. ಸಣ್ಣ ಫೈಬರ್ ದೋಣಿ, ಅದಕ್ಕೆ ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಪೆಟ್ರೋಲ್ ಇಂಜಿನ್ (ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವಂಥದ್ದು), ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಹತ್ತಿಪ್ಪತ್ತು ವರ್ಷ ಹಳೆಯದು. ಭಾವ ಹೊಳೆಯಲ್ಲಿ, ಹೊಳೆ ಸಮುದ್ರ ಸೇರುವ ಅಳಿವೆ ಹತ್ತಿರ ಬೀಡುಬಲೆ ಬಿಡುತ್ತಾರೆ. ಕಾಣೆ ಮೀನು, ಚಟ್ಲಿ (ಸಿಗಡಿ), ಏಡಿ, ಸಿಕ್ಕಿದ್ದು. ಈ ಸಲ ಮೇ ತಿಂಗಳಲ್ಲಿ ಅವರ ಬಲ ಭುಜಕ್ಕೆ ಪೆಟ್ಟಾಯಿತು. ಮೂರು ತಿಂಗಳು ಭಾರ ಎತ್ತಬಾರದು ಅಂತ ಡಾಕ್ಟರ್ ಹೇಳಿದರು. ಇಂಜಿನ್ ಕಳಚಿ ಕೊಟ್ಟಿಗೆಯಲ್ಲಿ ಇಟ್ಟರು. ಟ್ಯಾಂಕಿನಲ್ಲಿ ಪೆಟ್ರೋಲ್ ಹಾಗೇ ಉಳಿಯಿತು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನಲ್ಲೂ ಉಳಿಯಿತು. ಮಳೆಗಾಲ ಪೂರ್ತಿ.

ನೂಲ ಹುಣ್ಣಿಮೆ ಕಳೆದು, ಸಮುದ್ರ ಪೂಜೆ ಎಲ್ಲ ಮುಗಿದ ಮೇಲೆ ದೋಣಿ ಇಳಿಸಿದೆವು. ರಜೆ ಹಾಕಿ ನಾನೂ ಹೋಗಿದ್ದೆ. ಹಗ್ಗ ಎಳೆದದ್ದು ನಾನೇ, ಭಾವ ಪಕ್ಕದಲ್ಲಿ ಕೂತು ಚೋಕ್ ನೋಡಿಕೊಳ್ಳುತ್ತಿದ್ದರು. ಹತ್ತು ಸಲ, ಇಪ್ಪತ್ತು ಸಲ, ಮೂವತ್ತು ಸಲ. ನಡುವೆ ಒಂದೇ ಒಂದು ಸಲ ಫಟ್ ಅಂದಿತು, ಹೊಗೆ ಬಂತು, ಮತ್ತೆ ತಣ್ಣಗೆ. ನಾನು ಸುಸ್ತಾಗಿ ಕೂತದ್ದು ನೋಡಿ ಭಾವ ಎಡಗೈಯಲ್ಲಿ ಎಳೆಯಲಿಕ್ಕೆ ಹೊರಟರು. ದಡದಲ್ಲಿ ನಿಂತ ಅಕ್ಕ "ಇನ್ನೊಂದು ಕೈಯೂ ಹೋಗ್ಲಿಕ್ಕೆ ಉಂಟಾ" ಅಂತ ಕೂಗಿದಳು. ಅಲ್ಲಿಗೆ ನಿಲ್ಲಿಸಿದೆವು.

ಮೊದಲು ಕೊಟ್ಟ ವರ್ಕ್‌ಶಾಪಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಹೆಸರೂ ಬೇಡ. ಐದು ದಿನ ಇಟ್ಟುಕೊಂಡರು. ಕಿಡಿ ಹಾರಿಸುವ ಎರಡೂ ಪ್ಲಗ್ ಹೊಸದು ಹಾಕಿದರು, ಕಾರ್ಬೊರೇಟರ್ ಕ್ಲೀನ್ ಮಾಡಿದರು, ಆಮೇಲೆ ಪ್ಲಗ್ಗಿನ ಕಿಡಿಗೆ ಕರೆಂಟು ಕಳಿಸುವ ಸಿಡಿಐ ಹೋಗಿದೆ ಅಂತ ಅದನ್ನೂ ಬದಲಾಯಿಸಿದರು. ನಾನು ತರಲಿಕ್ಕೆ ಹೋದಾಗ ಮಧ್ಯಾಹ್ನ ಎರಡು ಗಂಟೆ, ಒಳ್ಳೆ ಬಿಸಿಲು, ಇಂಜಿನ್ ಸ್ಟಾರ್ಟ್ ಆಯಿತು. ಖುಷಿಯಿಂದ ದುಡ್ಡು ಕೊಟ್ಟು ಬಂದೆ. ಮರುದಿನ ಬೆಳಿಗ್ಗೆ ಆರು ಗಂಟೆಗೆ ಹೊಳೆಯಲ್ಲಿ ಮತ್ತೆ ಅದೇ ಕಥೆ. ಫೋನ್ ಮಾಡಿದರೆ "ಇಂಜಿನ್ ಹಳೇದಾಯ್ತು, ಹೊಸದು ತಗೊಳ್ಳಿ" ಅಂದರು. ಹೊಸ 8 ಎಚ್‌ಪಿ ಇಂಜಿನ್ ಅಂದ್ರೆ ಲಕ್ಷದ ಮೇಲಿನ ಮಾತು. ಮೂರು ತಿಂಗಳು ದುಡಿಮೆ ಇಲ್ಲದ ಮನೆಯವರಿಗೆ ಹೇಳುವ ಮಾತಾ ಅದು? ನನಗೆ ಸಿಟ್ಟು ಬಂದದ್ದು ದುಡ್ಡಿಗಿಂತ ಆ ಮಾತಿಗೆ.

ಗಂಗೊಳ್ಳಿ ಅಂಗಡಿಯ ವಿಷಯ ಹೇಳಿದ್ದು ಪಕ್ಕದ ಮನೆಯವರು. ಕುಂದಾಪುರ ಕಡೆಯವರಿಗೆ ಗೊತ್ತಿರುತ್ತದೆ, ಅಲ್ಲಿ ನಿಂತರೆ ಗಂಗೊಳ್ಳಿ ಹೊಳೆಯ ಆಚೆ ಕಣ್ಣೆದುರೇ ಕಾಣುತ್ತದೆ, ರಸ್ತೆಯಲ್ಲಿ ಮಾತ್ರ ತ್ರಾಸಿ ಸುತ್ತಿಕೊಂಡು ಬರಬೇಕು. ಹೆಮ್ಮಾಡಿಯಿಂದ ನಮಗೆ ಅಷ್ಟು ದೂರ ಇಲ್ಲ. ಗೂಡ್ಸ್ ರಿಕ್ಷಾದಲ್ಲಿ ಹಾಕಿಕೊಂಡು ಹೋದೆವು. ಇಂಜಿನ್ ಮಲಗಿಸಿ ಸಾಗಿಸುವವರು ಒಂದು ನೆನಪಿಡಿ, ತಲೆಭಾಗ ಯಾವಾಗಲೂ ಪ್ರೊಪೆಲ್ಲರ್ ಕಡೆಗಿಂತ ಎತ್ತರದಲ್ಲಿ ಇರಬೇಕು. ಇಂಜಿನ್ ಕಾಲಿನೊಳಗೆ, ಅಂದರೆ ಪ್ರೊಪೆಲ್ಲರ್ ಇರುವ ಉದ್ದನೆಯ ಕೆಳಭಾಗದೊಳಗೆ, ಉಳಿದ ನೀರು ಇಲ್ಲದಿದ್ದರೆ ಸಿಲಿಂಡರಿಗೆ ಇಳಿಯುತ್ತದೆ. ನಾವು ಗೋಣಿಚೀಲ ಮಡಚಿ ತಲೆ ಕೆಳಗೆ ಇಟ್ಟಿದ್ದೆವು.

ಅಂಗಡಿಯ ಹಿರಿಯ ಮೆಕ್ಯಾನಿಕ್‌ಗೆ ಅರವತ್ತರ ಹತ್ತಿರ ಇರಬಹುದು. ಬಂದವರೆಲ್ಲ ಅಣ್ಣ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಇಂಜಿನ್ ಇಳಿಸಿದ ಕೂಡಲೇ ನಾನು ಹಗ್ಗಕ್ಕೆ ಕೈ ಹಾಕಿದೆ, ತೋರಿಸೋಣ ಅಂತ. ಅಣ್ಣ ತಡೆದರು. "ಎಳೀಬೇಡಿ ಕಾಣಿ. ಮೊದಲು ಕೂತ್ಕೊಳ್ಳಿ, ಎಂತ ಆಯ್ತ್ ಹೇಳಿ." ಹತ್ತು ನಿಮಿಷ ಬರೀ ಪ್ರಶ್ನೆ. ಎಷ್ಟು ದಿನ ನಿಂತಿತ್ತು? ಒಳಗೆ ಪೆಟ್ರೋಲ್ ಇತ್ತಾ? ನೀರಿಗೆ ಏನಾದರೂ ಬಿದ್ದಿತ್ತಾ? ಎಳೆಯುವಾಗ ಪೆಟ್ರೋಲ್ ವಾಸನೆ ಬರುತ್ತದಾ? ಆಮೇಲೆ ಕೇಳಿದ ಒಂದು ಪ್ರಶ್ನೆ ನನಗೆ ಈಗಲೂ ನೆನಪಿದೆ. "ಬೆಳಿಗ್ಗೆ ಹೊತ್ತು ಜಾಸ್ತಿ ಕಷ್ಟ, ಬಿಸಿಲು ಬಂದ ಮೇಲೆ ಒಂದೊಂದು ಸಲ ಸ್ಟಾರ್ಟ್ ಆಗುತ್ತದಾ?" ಹೌದು ಅಂದೆ. ತಲೆ ಅಲ್ಲಾಡಿಸಿದರು, ಏನೂ ಹೇಳಲಿಲ್ಲ.

ಸ್ಪಾನರ್ ಮುಟ್ಟುವ ಮೊದಲು ನಾವು ತಂದ ಟ್ಯಾಂಕಿನಿಂದ ಸ್ವಲ್ಪ ಪೆಟ್ರೋಲ್ ತೆಗೆದು ಗಾಜಿನ ಬಾಟಲಿಗೆ ಹಾಕಿ ಮೂಲೆಯಲ್ಲಿ ಇಟ್ಟರು. ಕಾಲು ಗಂಟೆ ಬಿಟ್ಟು ಬೆಳಕಿಗೆ ಹಿಡಿದು ತೋರಿಸಿದರು. ಅಡಿಯಲ್ಲಿ ಬೆರಳಿನ ಅರ್ಧದಷ್ಟು ದಪ್ಪಕ್ಕೆ ಬೇರೆಯೇ ಒಂದು ಪದರ, ಮೇಲಿನ ಪೆಟ್ರೋಲಿಗೂ ಅದಕ್ಕೂ ನಡುವೆ ಗೆರೆ ಎಳೆದ ಹಾಗೆ. ಈಗ ಬಂಕಿನಲ್ಲಿ ಸಿಗುವುದು ಎಥೆನಾಲ್ ಬೆರೆಸಿದ ಪೆಟ್ರೋಲ್ ಅಲ್ವಾ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಬಿಡುಗಡೆ ಮಾಡಿದ್ದು, ನೂರಕ್ಕೆ 20 ಪಾಲು ಎಥೆನಾಲ್. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕ್ ಮೂರು ತಿಂಗಳು ಇಟ್ಟರೆ ಒಳಗೆ ಸೇರುವ ತೇವ ಸ್ವಲ್ಪ ಅಲ್ಲ. ಒಂದು ಮಟ್ಟ ಮೀರಿದರೆ ನೀರು, ಎಥೆನಾಲ್ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ, ಟ್ಯಾಂಕಿನ ಪೈಪು ಎಳೆಯುವುದೂ ತಳದಿಂದಲೇ. ರಸ್ತೆಯ ಮೇಲೆ ದಿನಾ ಓಡುವ ಬೈಕಿಗೆ ಇಷ್ಟು ತೊಂದರೆ ಇಲ್ಲ, ತಿಂಗಳುಗಟ್ಟಲೆ ನಿಲ್ಲುವ ದೋಣಿ ಇಂಜಿನ್‌ಗೆ ಇದು ದೊಡ್ಡ ವಿಷಯ. ಹಳೆ ಪೆಟ್ರೋಲ್ ಎಲ್ಲ ತೆಗೆಸಿ ಹೊಸದು ತರಿಸಿದರು. ಒಂದು ಲೀಟರಿಗೆ 20 ಎಂಎಲ್ ಎಣ್ಣೆ, ಅಂದರೆ 50ಕ್ಕೆ 1, ಅಳತೆ ಲೋಟದಲ್ಲಿ ಅಳೆದು ಹಾಕಿದರು. ಅದೂ ಔಟ್‌ಬೋರ್ಡ್‌ಗೆ ಅಂತಲೇ ಬರುವ ಟಿಸಿ-ಡಬ್ಲ್ಯೂ3 ಎಣ್ಣೆ. ನಮ್ಮ ಭಾವ ಇಷ್ಟು ದಿನ ಬೈಕಿನ ಟೂಟಿ ಎಣ್ಣೆ ಹಾಕುತ್ತಿದ್ದರು, ಅದು ಬೇಡ ಅಂದರು.

ಆಮೇಲೆ ಪ್ಲಗ್ ಬಿಚ್ಚಿದರು. ಎರಡೂ ಒದ್ದೆ. "ಎಳೆದೆಳೆದು ಸುಸ್ತಾದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರ್ತಿಲ್ಲ ಅಂತ ಲೆಕ್ಕ. ಒದ್ದೆ ಇದ್ದರೆ ಪೆಟ್ರೋಲ್ ಬಂದಿದೆ, ಬೆಂಕಿ ಬಂದಿಲ್ಲ." ಇಷ್ಟು ಸುಲಭದ ಮಾತನ್ನು ನನಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ಪ್ಲಗ್ಗುಗಳನ್ನು ಒರೆಸಿ ಕ್ಯಾಪಿಗೆ ಸಿಕ್ಕಿಸಿ, ಲೋಹದ ಭಾಗ ಇಂಜಿನ್‌ಗೆ ತಾಗುವ ಹಾಗೆ ಗಟ್ಟಿ ಹಿಡಿಸಿದರು. ಪೆಟ್ರೋಲ್ ಡಬ್ಬಿ ದೂರ ಇಡಿಸಿದರು, ಪ್ಲಗ್ ಕೂರುವ ತೂತುಗಳಿಗೆ ಬಟ್ಟೆ ಮುಚ್ಚಿದರು. ನೆರಳು ಮಾಡಿಕೊಂಡು ಹಗ್ಗ ಎಳೆದರೆ ಏನೂ ಇಲ್ಲ. ಎರಡರಲ್ಲೂ ಇಲ್ಲ.

ಇಲ್ಲಿಂದ ಅವರು ಯೋಚನೆ ಮಾಡಿದ ರೀತಿ ನೋಡಿ. "ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಆ ಕಡೆಯ ವೈರು, ಕ್ಯಾಪು, ಪ್ಲಗ್ ನೋಡ್ತಿದ್ದೆ. ಎರಡರಲ್ಲೂ ಒಟ್ಟಿಗೆ ಇಲ್ಲ ಅಂದ್ರೆ ಎರಡಕ್ಕೂ ಒಂದೇ ಆದ ಜಾಗ ಯಾವುದು, ಅಲ್ಲಿ ಹೋಗಬೇಕು." ಸಿಡಿಐಯಿಂದ ಒಂದು ಬಿಳಿ ವೈರು ಮುಂದಿನ ಸ್ಟಾಪ್ ಬಟನ್‌ಗೆ ಹೋಗುತ್ತದೆ. ಬಟನ್ ಒತ್ತಿದರೆ ಅಥವಾ ಕೈಗೆ ಕಟ್ಟುವ ಕೆಂಪು ದಾರದ ಕ್ಲಿಪ್ ಕಳಚಿದರೆ ಆ ವೈರು ಬಾಡಿಗೆ ತಾಗಿ ಸ್ಪಾರ್ಕ್ ನಿಲ್ಲುತ್ತದೆ, ಇಂಜಿನ್ ಆಫ್. ಅಣ್ಣ ಮಾಡಿದ್ದು ಇಷ್ಟೇ, ಆ ಬಿಳಿ ವೈರಿನ ಕನೆಕ್ಟರ್ ಎಳೆದು ಬೇರೆ ಮಾಡಿದರು. ಮತ್ತೆ ಹಗ್ಗ ಎಳೆದರು. ಟಕ್ ಟಕ್ ಅಂತ ಎರಡೂ ಪ್ಲಗ್ಗಿನಲ್ಲಿ ನೀಲಿ ಸ್ಪಾರ್ಕ್. ಭಾವ ಎದ್ದು ನಿಂತೇ ಬಿಟ್ಟರು.

ಬಟನ್ ಬಿಚ್ಚಿ ನನ್ನ ಅಂಗೈ ಮೇಲೆ ಇಟ್ಟರು. ಹೊರಗಿನಿಂದ ಹೊಸದರ ಹಾಗಿತ್ತು. ಹಿಂದಿನ ರಬ್ಬರ್ ಬಿಡಿಸಿದರೆ ಒಳಗೆ ಹಸಿರು, ಬಿಳಿ ಉಪ್ಪಿನ ಪುಡಿ, ನಡುವೆ ತೇವ. ಮೀಟರ್ ಇಟ್ಟು ತೋರಿಸಿದರು, ಬಟನ್ ಒತ್ತದೆಯೂ ಮುಳ್ಳು ಅಲ್ಲಾಡುತ್ತಿತ್ತು. ಬೆಳಿಗ್ಗೆ ತಣ್ಣಗೆ ತೇವ ಇದ್ದಾಗ ಆ ಉಪ್ಪಿನ ಮೂಲಕ ಕರೆಂಟು ಹರಿಯುತ್ತದೆ, ಅಂದರೆ ಯಾರೋ ಸ್ಟಾಪ್ ಬಟನ್ ಒತ್ತಿ ಹಿಡಿದುಕೊಂಡೇ ಇದ್ದ ಹಾಗೆ. ಮಧ್ಯಾಹ್ನ ಒಣಗಿದರೆ ಬಿಡುತ್ತದೆ. ಅದಕ್ಕೇ ಅವರು ಬೆಳಗಿನ ಪ್ರಶ್ನೆ ಕೇಳಿದ್ದು! ಹೊಸ ಸಿಡಿಐ ಹಾಕಿದರೂ ಅದರ ಬಿಳಿ ವೈರು ಹೋಗುವುದು ಇದೇ ಕೆಟ್ಟ ಬಟನ್‌ಗೆ ತಾನೇ, ಸರಿಯಾಗುವುದಾದರೂ ಹೇಗೆ? ಭಾವ ಹಳೆ ಸಿಡಿಐ ಚೀಲದಲ್ಲಿ ಇಟ್ಟುಕೊಂಡಿದ್ದರು. ಅಣ್ಣ ಅದನ್ನು ಮತ್ತೆ ಜೋಡಿಸಿ ನೋಡಿದರು, ಚೆನ್ನಾಗಿಯೇ ಕೆಲಸ ಮಾಡಿತು. "ಇದನ್ನೇ ಇರಿಸುವ, ಹೊಸದು ಮನೆಯಲ್ಲಿ ಸ್ಪೇರ್ ಇರಲಿ" ಅಂದರು.

ಬಟನ್ ಬದಲಾಯಿಸಿ ಡ್ರಮ್ಮಿನಲ್ಲಿ ಇಂಜಿನ್ ಇಟ್ಟು ಎಳೆದರೆ ಮೂರನೇ ಸಲಕ್ಕೆ ಸ್ಟಾರ್ಟ್. ನಾನು ಮುಗಿಯಿತು ಅಂದುಕೊಂಡು ದುಡ್ಡು ಎಷ್ಟು ಅಂತ ಕೇಳಿದೆ. "ನಿಲ್ಲಿ, ಹತ್ತು ನಿಮಿಷ ಓಡಲಿ." ಐದು ನಿಮಿಷಕ್ಕೆ ಸೊರಗಿ ಸೊರಗಿ ನಿಂತಿತು. ನನ್ನ ಹೊಟ್ಟೆ ಧಸಕ್ ಅಂತು. ಅಣ್ಣನಿಗೆ ಏನೂ ಆಗಲಿಲ್ಲ, ಮತ್ತೆ ಸ್ಟಾರ್ಟ್ ಮಾಡಿ ಈ ಸಲ ಪೈಪಿನ ನಡುವೆ ಇರುವ ರಬ್ಬರ್ ಬಲ್ಬ್ ನನ್ನ ಕೈಗೆ ಕೊಟ್ಟರು. ನಿಲ್ಲುವ ಹಾಗೆ ಆದಾಗ ಒತ್ತಿ ಅಂದರು. ಒತ್ತಿದೆ, ಇಂಜಿನ್ ಎದ್ದಿತು. ಬಿಟ್ಟೆ, ಸೊರಗಿತು. ಮತ್ತೆ ಒತ್ತಿದೆ, ಮತ್ತೆ ಎದ್ದಿತು. ಒಂದು ಪ್ರಾಣಿಗೆ ಕೈಯಾರೆ ಹಾಲು ಕುಡಿಸಿದ ಹಾಗೆ ಇತ್ತು. ಅಂದರೆ ಪೆಟ್ರೋಲ್ ಪಂಪ್ ತಾನಾಗಿ ಎಳೆಯುತ್ತಿಲ್ಲ, ಇಲ್ಲವೇ ಪೈಪಿನಲ್ಲಿ ಎಲ್ಲೋ ಗಾಳಿ ಸೇರುತ್ತಿದೆ. ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ತೆರೆದಿದೆಯಾ ನೋಡಿದರು, ತೆರೆದಿತ್ತು. ಪೈಪಿನ ತುದಿಯ ಕನೆಕ್ಟರಿನ ಓ-ರಿಂಗ್ ನೋಡಿದರು, ಸರಿ ಇತ್ತು. ಪಂಪ್ ಬಿಚ್ಚಿದರೆ ಒಳಗಿನ ಡಯಾಫ್ರಾಮ್ ಅನ್ನುವ ತೆಳು ಪೊರೆ, ಅಂಚೆ ಚೀಟಿಗಿಂತ ಸ್ವಲ್ಪ ದೊಡ್ಡದು, ಹಪ್ಪಳದ ಹಾಗೆ ಗಟ್ಟಿಯಾಗಿ ಒಂದು ಮೂಲೆ ಸೀಳಿತ್ತು. ಈ ಇಂಜಿನ್‌ಗಳಲ್ಲಿ ಪಂಪಿಗೆ ಬೇರೆ ಮೋಟಾರ್ ಇಲ್ಲ, ಪಿಸ್ಟನ್ ಕೆಳಗಿನ ಕೋಣೆಯ (ಕ್ರ್ಯಾಂಕ್‌ಕೇಸಿನ) ಒತ್ತಡ ಹೆಚ್ಚು ಕಡಿಮೆ ಆಗುವುದರಿಂದಲೇ ಆ ಡಯಾಫ್ರಾಮ್ ಅಲ್ಲಾಡಿ ಪೆಟ್ರೋಲ್ ಎಳೆಯುವುದು. ಅದು ಮೆತ್ತಗೆ ಇಲ್ಲದಿದ್ದರೆ ಕೆಲಸ ಇಲ್ಲ.

ಒಂದೇ ಇಂಜಿನ್‌ಗೆ ಎರಡು ಕಾಯಿಲೆ. ಒಂದು ಸರಿ ಮಾಡಿದರೆ ಇನ್ನೊಂದು ತಲೆ ಎತ್ತುತ್ತದೆ. ಹತ್ತು ನಿಮಿಷ ಓಡಿಸಿ ನೋಡದೆ ಕಳಿಸಿದ್ದರೆ ಅಳಿವೆ ಹತ್ತಿರ ಇಳಿತದ ಹೊತ್ತಲ್ಲಿ ಭಾವನ ದೋಣಿ ನಿಂತುಬಿಡುತ್ತಿತ್ತು. ಒಂದು ಕೈಯಲ್ಲಿ ಹುಟ್ಟು ಹಾಕಲಿಕ್ಕೂ ಆಗದವರು. ಆ ಹತ್ತು ನಿಮಿಷಕ್ಕೆ ನಾನು ಎಷ್ಟು ಬೇಕಾದರೂ ದುಡ್ಡು ಕೊಡುತ್ತಿದ್ದೆ.

ಹೊರಡುವ ಮೊದಲು ನಾನೇ ಕೇಳಿ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿಸಿದೆ, ಇಂಜಿನ್ ಮುಗಿದೇ ಹೋಯಿತು ಅಂದ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಎರಡೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ತೆರೆದು, ಗೇಜ್ ಹಾಕಿ ಎಳೆದರು. ಒಂದರಲ್ಲಿ 96 ಪಿಎಸ್ಐ, ಇನ್ನೊಂದರಲ್ಲಿ 94. ನಂಬರ್ ಎಷ್ಟಿದೆ ಅನ್ನುವುದಕ್ಕಿಂತ ಎರಡೂ ಹತ್ತಿರ ಹತ್ತಿರ ಇರಬೇಕು, ಒಂದು ತುಂಬ ಕೆಳಗಿದ್ದರೆ ಆ ಸಿಲಿಂಡರಿನ ರಿಂಗ್ ಅಥವಾ ಗ್ಯಾಸ್ಕೆಟ್ ಹೋಗಿದೆ ಅಂತ ಅರ್ಥವಂತೆ. "ಇನ್ನೂ ಎಷ್ಟೋ ವರ್ಷ ಓಡುತ್ತದೆ" ಅಂದರು ಅಣ್ಣ. ಭಾವನ ಮುಖ ನೋಡಬೇಕಿತ್ತು.

ನಾವು ಕೂತಿದ್ದಾಗಲೇ ಉಪ್ಪುಂದ ಕಡೆಯ ನಾಡದೋಣಿಯವರು ಇಬ್ಬರು ಒಂದು ಸೀಮೆಎಣ್ಣೆ ಇಂಜಿನ್ ತಂದರು. ಅಣ್ಣ ಕೇಳಿದ್ದು ಒಂದೇ ಮಾತು, "ನಿಲ್ಲಿಸುವಾಗ ಪೆಟ್ರೋಲ್‌ಗೆ ತಂದು ನಿಲ್ಲಿಸಿದ್ರಾ?" ಇಲ್ಲ, ನಿನ್ನೆ ಅವಸರದಲ್ಲಿ ಸೀಮೆಎಣ್ಣೆಯಲ್ಲೇ ನಿಲ್ಲಿಸಿದ್ದರು. ಈ ಇಂಜಿನ್‌ಗಳನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು, ದಡಕ್ಕೆ ಬರುವಾಗ ಮತ್ತೆ ಪೆಟ್ರೋಲ್‌ಗೆ ತಂದು ಸ್ವಲ್ಪ ಓಡಿಸಿ ನಿಲ್ಲಿಸುವುದು. ಇಲ್ಲದಿದ್ದರೆ ಕಾರ್ಬೊರೇಟರಿನಲ್ಲಿ ಸೀಮೆಎಣ್ಣೆಯೇ ಉಳಿಯುತ್ತದೆ, ತಣ್ಣಗಿನ ಇಂಜಿನ್‌ನಲ್ಲಿ ಅದು ಆವಿಯಾಗುವುದಿಲ್ಲ, ಪ್ಲಗ್ ನೆನೆದು ಕೂರುತ್ತದೆ. ಕಾರ್ಬೊರೇಟರಿನ ಬಟ್ಟಲು ಬಸಿದು, ಪೆಟ್ರೋಲ್ ತುಂಬಿಸಿ, ಪ್ಲಗ್ ಒರೆಸಿ ಬಿಸಿ ಮಾಡಿ ಹಾಕಿದರು. ಸ್ಟಾರ್ಟ್. ಅವರ ಹತ್ತಿರ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಬೇರೆಯವರಾಗಿದ್ದರೆ ಕಾರ್ಬೊರೇಟರ್ ಸರ್ವಿಸ್ ಅಂತ ಬಿಲ್ ಮಾಡುತ್ತಿದ್ದರು.

ಈ ಅಂಗಡಿಯಲ್ಲಿ ನನಗೆ ಹಿಡಿಸಿದ್ದು ಇದೇ. ಕೆಟ್ಟಿದೆ ಅಂತ ತೋರಿಸದೆ ಯಾವ ಪಾರ್ಟೂ ಬದಲಾಯಿಸುವುದಿಲ್ಲ. ತೆಗೆದ ಹಳೆ ಬಟನ್, ಹಳೆ ಡಯಾಫ್ರಾಮ್ ಎರಡನ್ನೂ ಕವರಿಗೆ ಹಾಕಿ ಕೈಗೆ ಕೊಟ್ಟರು.

ಕೊರತೆಗಳೂ ಇವೆ, ಮುಚ್ಚಿಡುವುದಿಲ್ಲ. ಅಚ್ಚಾದ ಬಿಲ್ ಇಲ್ಲ, ಹಳೆ ಕ್ಯಾಲೆಂಡರಿನ ಹಿಂದೆ ಬರೆದು ಕೊಡುತ್ತಾರೆ. ಕೆಲಸ ಮಾಡುವಾಗ ಫೋನ್ ಎತ್ತುವುದಿಲ್ಲ. ಬಿಡಿಭಾಗ ಎಲ್ಲವೂ ಅಲ್ಲಿ ಇರುವುದಿಲ್ಲ. ನಮ್ಮ ಪಂಪ್ ಕಿಟ್ ಬರಲಿಕ್ಕೆ ನಾಲ್ಕು ದಿನ ಕಾದೆವು, ಅಗ್ಗದ್ದು ಬೇರೆ ಕಡೆ ಸಿಗುತ್ತಿತ್ತು, ಅಣ್ಣ ಒಪ್ಪಲಿಲ್ಲ. ಮತ್ತೆ, ಮೀನಿಗೆ ಹೋಗುವವರ ಇಂಜಿನ್ ಬಂದರೆ ಅದೇ ಮೊದಲು, ಸುಮ್ನೆ ತಿರುಗಾಟಕ್ಕೆ ದೋಣಿ ಇಟ್ಟವರು ಕಾಯಬೇಕು. ಅದು ಸರಿಯೇ ಅಂತ ನನಗೆ ಅನಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುವಾಗ ಕಡಲಿಗೆ ಇಳಿಯುವುದು 10 ಎಚ್‌ಪಿವರೆಗಿನ ಇಂಜಿನ್ ಇರುವ ನಾಡದೋಣಿಗಳೇ. ಆ ಎರಡು ತಿಂಗಳು ಇಲ್ಲಿ ಕಾಲಿಡಲಿಕ್ಕೆ ಜಾಗ ಇರುವುದಿಲ್ಲವಂತೆ. ಅವಸರ ಇಲ್ಲದ ಕೆಲಸಕ್ಕೆ ಆಗ ಹೋಗಬೇಡಿ.

ಹೋಗುವ ಮೊದಲು ಮನೆಯಲ್ಲೇ ನೋಡಬಹುದಾದದ್ದು ಕೆಲವು ಇದೆ. ಕೆಂಪು ದಾರದ ಕ್ಲಿಪ್ ಸರಿಯಾಗಿ ಕೂತಿದೆಯಾ, ಗೇರ್ ನ್ಯೂಟ್ರಲ್‌ನಲ್ಲಿ ಇದೆಯಾ, ಟ್ಯಾಂಕ್ ಮುಚ್ಚಳದ ತಿರುಪು ಬಿಚ್ಚಿದ್ದೀರಾ, ಬಲ್ಬ್ ಒತ್ತಿದರೆ ಗಟ್ಟಿಯಾಗುತ್ತದಾ, ಅದರ ಬಾಣದ ಗುರುತು ಇಂಜಿನ್ ಕಡೆಗೆ ಇದೆಯಾ. ಬಾಟಲಿಯಲ್ಲಿ ಪೆಟ್ರೋಲ್ ನೋಡುವುದಂತೂ ಯಾರು ಬೇಕಾದರೂ ಮಾಡಬಹುದು. ನೀರಿಲ್ಲದೆ ಮಾತ್ರ ಇಂಜಿನ್ ಓಡಿಸಬೇಡಿ, ಸ್ವಲ್ಪ ಹೊತ್ತು ಸಹ ಬೇಡ, ಇಂಜಿನ್ ತಂಪು ಮಾಡುವ ನೀರು ಎಳೆಯುವ ಒಳಗಿನ ರಬ್ಬರ್ ಚಕ್ರ (ಇಂಪೆಲ್ಲರ್) ಒಣಗಿ ಸುಟ್ಟು ಹೋಗುತ್ತದೆ. ಭಾವ ಈಗ ಬಂದ ಕೂಡಲೇ ಬಾವಿ ನೀರಿನ ಡ್ರಮ್ಮಿನಲ್ಲಿ ಇಂಜಿನ್ ಓಡಿಸಿ ಉಪ್ಪು ತೊಳೆಯುತ್ತಾರೆ. ನಾಲ್ಕು ದಿನ ಇಡುವುದಿದ್ದರೆ ಪೈಪ್ ಕಳಚಿ, ಕಾರ್ಬೊರೇಟರಿನ ಪೆಟ್ರೋಲ್ ಮುಗಿದು ತಾನಾಗಿ ನಿಲ್ಲುವವರೆಗೆ ಬಿಡುತ್ತಾರೆ.

ಅಂಗಡಿ ಬೆಳಿಗ್ಗೆ ಎಂಟೂವರೆಗೆ ತೆರೆಯುತ್ತದೆ, ಮಧ್ಯಾಹ್ನ ಊಟಕ್ಕೆ ಒಂದೂವರೆಯಿಂದ ಮೂರು ಮುಚ್ಚಿರುತ್ತದೆ. ಬಂದರಿನಲ್ಲಿ ಬಲೆ ಹೆಣೆಯುತ್ತ ಕೂತವರನ್ನು ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಹೋಗುವಾಗ ಬರೀ ಇಂಜಿನ್ ಒಯ್ಯಬೇಡಿ, ಟ್ಯಾಂಕ್, ಪೈಪ್, ಬಲ್ಬ್ ಸಮೇತ ಒಯ್ಯಿರಿ. ಆ ವರ್ಕ್‌ಶಾಪಿಗೆ ನಾವು ಕೊಟ್ಟದ್ದು ಇಂಜಿನ್ ಮಾತ್ರ, ಅವರು ತಮ್ಮ ಟ್ಯಾಂಕ್ ಹಾಕಿ ನೋಡಿದ್ದರು. ನಮ್ಮ ಟ್ಯಾಂಕಿನ ತಳದ ನೀರು ಅಲ್ಲಿ ಯಾರ ಕಣ್ಣಿಗೂ ಬೀಳಲೇ ಇಲ್ಲ.